ಸುರಂಗ ಸಮಾಚಾರ: ಅವ್ವನ ಕತೆಯ ಊರಿಗೆ ನಾವು ಪತ್ರಿಕೆ ಮಾಡಿದ್ದು

ನಮ್ಮ ಅವ್ವ ಹೇಳುವ ಕತೆಗಳೆಲ್ಲ ಒಂದೇ ಊರಲ್ಲಿ ನಡೆಯುತ್ತವೆ. ಆ ಊರಿನ ಹೆಸರು ತಳದೂರು. ಅದು ಬೀದರಿನ ನೆಲದ ಕೆಳಗಿದೆ. ಬಾವಿಗೆ ಏನೇ ಬಿದ್ದರೂ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಮುಟ್ಟಿದ ಮೇಲೆ ಅದಕ್ಕೆ ಜೀವ ಬರುತ್ತದೆ. ಕೈ ಜಾರಿದ ಬಿಂದಿಗೆ, ಹರಿದ ಹಗ್ಗ, ಒಂಟಿ ಕಾಲುಂಗುರ, ಬಾವಿಯೊಳಗೆ ಬಗ್ಗಿ ಯಾರೋ ಕೂಗಿದ ಹೆಸರು, ಎಲ್ಲವೂ ಅಲ್ಲಿ ಮನೆ ಮಾಡಿಕೊಂಡಿವೆ. ಊರಿಗೆ ಒಬ್ಬ ದೊರೆ, ಹಗ್ಗದ ರಾಜ. ಅವನ ಮಗಳು ರಾಟಿ. ಬೆಳಗಾದರೆ ರಾಟಿ ಕಿರ್ರ್ ಅನ್ನುತ್ತಾಳೆ, ಊರು ಏಳುತ್ತದೆ. ನಾನು ಸಣ್ಣವನಿದ್ದಾಗ ಈ ಕತೆ ಕೇಳುತ್ತ ಮಲಗುತ್ತಿದ್ದೆ. ಈಗ ನಮ್ಮಕ್ಕನ ಮಕ್ಕಳಿಬ್ಬರು ಕೇಳುತ್ತಾರೆ. ಮೂವರೂ ಆ ಊರಿನ ಅಭಿಮಾನಿಗಳು.

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂವರೂ ಸೇರಿ ತಳದೂರಿಗೆ ಒಂದು ಪತ್ರಿಕೆ ಮಾಡಿದೆವು. ಎಂಟು ಪುಟ. ಹೆಸರು ‘ಸುರಂಗ ಸಮಾಚಾರ’. ಅದನ್ನು ನಡೆಸುವ ಪಾತ್ರಗಳೆಲ್ಲ ನಮ್ಮವು, ಊರು ಮಾತ್ರ ಅವ್ವನದು. ಇಂಥದ್ದನ್ನು ಮಾಡಬೇಕು ಅನ್ನುವವರಿಗೆ ಉಪಯೋಗ ಆದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಬೀದರಿನಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಕರಪತ್ರ, ಬ್ಯಾನರ್, ಜಾತ್ರೆಯ ಪೋಸ್ಟರ್, ಇದೇ ದಿನದ ಕೆಲಸ. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಮನೆಯಲ್ಲಿ ಅವಳನ್ನು ದೊಡ್ಡಾಕಿ ಅನ್ನುತ್ತೇವೆ, ಅವಳ ತಮ್ಮನನ್ನು ಸಣ್ಣಾಂವ. ಇಲ್ಲೂ ಹಾಗೇ ಕರೆಯುತ್ತೇನೆ.

ದೊಡ್ಡಾಕಿಯೇ ಮೊದಲು ಈ ಓಸಿ ಅನ್ನುವುದನ್ನು ಮನೆಗೆ ತಂದವಳು. ಒರಿಜಿನಲ್ ಕ್ಯಾರೆಕ್ಟರ್ ಅನ್ನುವುದನ್ನು ಚಿಕ್ಕದು ಮಾಡಿ ಹಾಗೆ ಹೇಳುತ್ತಾರೆ. ಯಾವುದೋ ಕತೆ ಮನಸ್ಸಿಗೆ ಹತ್ತಿತು ಅನ್ನಿ. ಆ ಕತೆಯ ಲೋಕಕ್ಕೆ ನಮ್ಮದೇ ಒಂದು ಹೊಸ ಪಾತ್ರವನ್ನು ಬಿಡುವುದು. ಅವಳು ತಳದೂರಿಗೆ ಮೊದಲು ಬಿಡಿಸಿದ ಪಾತ್ರ ಹಗ್ಗದ ರಾಜನ ಎರಡನೇ ಮಗಳು. ಕೈಯಲ್ಲಿ ಕತ್ತಿ, ಬೆನ್ನಿಗೆ ರೆಕ್ಕೆ, ರಾಟಿಗಿಂತ ಚೆಲುವೆ, ರಾಟಿಗಿಂತ ಗಟ್ಟಿಗಿತ್ತಿ. ಚಿತ್ರವೇನೋ ಬಹಳ ಚೆನ್ನಾಗಿತ್ತು. ಆದರೆ ಅವಳನ್ನು ಇಟ್ಟುಕೊಂಡು ಒಂದು ಕತೆ ಕಟ್ಟಲು ಕೂತರೆ ರಾಟಿಗೆ ಕೆಲಸವೇ ಇಲ್ಲ. ಅಭಿಮಾನಿಗಳು ಬರೆಯುವ ಕಡೆಯೆಲ್ಲ ಇದೇ ತೊಂದರೆ. ಇಂಥ ಪಾತ್ರಕ್ಕೆ ಮೇರಿ ಸೂ ಅಂತ ಹೆಸರೇ ಬಿದ್ದಿದೆ. 1973ರಲ್ಲಿ ಅಮೆರಿಕದ ಒಂದು ಅಭಿಮಾನಿ ಪತ್ರಿಕೆಯಲ್ಲಿ ಬಂದ ಪುಟ್ಟ ಅಣಕು ಕತೆಯ ನಾಯಕಿ ಅವಳು. ಎಲ್ಲರಿಗಿಂತ ಜಾಣೆ, ಎಲ್ಲರೂ ಮೆಚ್ಚುವವಳು. ಅವಳು ಬಂದಳೆಂದರೆ ಉಳಿದವರು ಸುಮ್ನೆ ನಿಂತು ನೋಡಬೇಕು.

ಹಾಗಾದರೆ ರಾಜನ ನೆಂಟರಾಗದೆ ಊರಿನ ಎಲ್ಲ ಕಡೆ ಹೋಗಬಲ್ಲವರು ಯಾರು? ನನಗೆ ದೊಡ್ಡಾಟದ ಸಾರಥಿ ನೆನಪಾದ. ರಂಗದ ಮೇಲೆ ಯಾರೇ ಬರಲಿ, ರಾಜನೋ ರಾಕ್ಷಸನೋ, ಸಾರಥಿ ಎದುರಿಗೆ ನಿಂತು ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಅಂತ ಕೇಳುತ್ತಾನೆ. ಕತೆ ಅವನದಲ್ಲ, ಆದರೆ ಅವನಿಲ್ಲದೆ ಕತೆ ಮುಂದೆ ಹೋಗುವುದಿಲ್ಲ. ಪತ್ರಿಕೆಯವರ ಕೆಲಸವೂ ಅದೇ ಅಲ್ವಾ? ಯಾರ ಮನೆ ಬಾಗಿಲನ್ನೂ ತಟ್ಟಬಹುದು, ಅರಮನೆಗೂ ಹೋಗಿ ನಿಲ್ಲಬಹುದು. ಕೇಳಿ, ಬರೆದುಕೊಂಡು, ವಾಪಸ್ ಬರಬೇಕು. ನಮ್ಮ ಪಾತ್ರಗಳಿಗೆ ಇದಕ್ಕಿಂತ ಒಳ್ಳೆಯ ನೌಕರಿ ಇಲ್ಲ ಅನ್ನಿಸಿತು.

ಅವ್ವನನ್ನು ಕೇಳಿದೆವು. ಊರು ಅವಳದು, ಕೇಳದೆ ಒಳಗೆ ಹೋಗುವುದು ಸರಿಯಲ್ಲ. ತೊಗರಿ ಹಸನ ಮಾಡುತ್ತ ಕೂತಿದ್ದಳು. “ಮಾಡ್ರಿ. ಆದ್ರ ರಾಜನ ಹಗ್ಗ ಮಾತ್ರ ಹರಿಬ್ಯಾಡ್ರಿ” ಅಂದಳು. ಅದೊಂದೇ ಷರತ್ತು. ರಾಜ ಸಾಯಬಾರದು. ಉಳಿದದ್ದು ನಮಗೆ ಬಿಟ್ಟದ್ದು.

ಪಾತ್ರ ಮಾಡುವ ಮೊದಲು ಊರಿನ ನಕ್ಷೆ ಬೇಕಿತ್ತು. ತಳದೂರು ಎಲ್ಲಿದೆ ಅಂತ ಅವ್ವ ಯಾವತ್ತೂ ಬಿಡಿಸಿ ಹೇಳಿದವಳಲ್ಲ. ನೆಲದ ಕೆಳಗೆ ಅಷ್ಟೇ. ಆದರೆ ಬೀದರಿನಲ್ಲಿ ಹುಟ್ಟಿ ಬೆಳೆದವರಿಗೆ ನೆಲದ ಕೆಳಗೆ ಅಂದರೆ ಥಟ್ಟನೆ ಹೊಳೆಯುವುದು ಸುರಂಗ ಬಾವಿ. ಕರೇಜ್ ಅಂತಲೂ ಅನ್ನುತ್ತಾರೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದರು. ಊರಿರುವುದು ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ, ನೀರು ಆಳದಲ್ಲಿ. ಅದಕ್ಕೆ ಪರ್ಷಿಯಾದ ಕಡೆಯ ವಿದ್ಯೆಯಿಂದ ಈ ಸುರಂಗಗಳನ್ನು ತೋಡಿಸಿದರು. ನೀರು ಸಿಗುವ ಜಾಗದಲ್ಲಿ ಒಂದು ತಾಯಿ ಬಾವಿ. ಅಲ್ಲಿಂದ ನೆಲದೊಳಗೇ ಒಂದು ಕಾಲುವೆ. ಅದಕ್ಕೆ ತೀರಾ ಸಣ್ಣ ಇಳಿಜಾರು. ಇಳಿಜಾರು ಜಾಸ್ತಿಯಾದರೆ ನೀರು ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಕೆಳಗೆ ನೆಟ್ಟಗೆ ಕೊರೆದ ಗಾಳಿಕಿಂಡಿಗಳು. ಅಗೆಯುವಾಗ ಮಣ್ಣು ಎತ್ತಿದ್ದೂ ಅವುಗಳಿಂದಲೇ. ನೌಬಾದಿನ ಸುರಂಗ ಇವುಗಳಲ್ಲಿ ಹೆಸರಾದದ್ದು. ಶುಕ್ಲತೀರ್ಥ, ಜಮುನಾ ಮೋರಿ ಅಂತ ಇನ್ನೂ ಇವೆ.

ಮೇ ತಿಂಗಳ ನಡುವೆ, ನೆತ್ತಿ ಸುಡುವ ಹೊತ್ತಿಗೆ, ಮಕ್ಕಳನ್ನು ಕರೆದುಕೊಂಡು ನೌಬಾದಿಗೆ ಹೋದೆ. ಬೇಕಂತಲೇ ಆ ಹೊತ್ತು ಆರಿಸಿದ್ದೆ. ಬೀದರ್ ಇರುವ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಒಮ್ಮೆ ಮೇ ನಡುವಿಗೆ, ಇನ್ನೊಮ್ಮೆ ಜುಲೈ ಮುಗಿದು ಆಗಸ್ಟ್ ಹುಟ್ಟುವ ಹೊತ್ತಿಗೆ. ಆ ದಿನಗಳ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಒಂದು ಕಿಂಡಿಯ ಬಾಯಿಗೆ ಬಗ್ಗಿ ನೋಡಿದೆವು. ಬಿಸಿಲು ಗೋಡೆಗೆ ತಾಗದೆ ನೆಟ್ಟಗೆ ಇಳಿದಿತ್ತು. ಕೆಂಪು ಕಲ್ಲಿನಲ್ಲಿ ಉಳಿಯ ಏಟಿನ ಗೆರೆಗಳು ಒಂದೊಂದಾಗಿ ಕಾಣುತ್ತಿದ್ದವು. ಎಲ್ಲ ಓರೆ, ಎಲ್ಲ ಒಂದೇ ಕಡೆಗೆ ಬಾಗಿದವು. ಕೆತ್ತಿದವನು ಬಲಗೈಯವನು ಇರಬೇಕು ಅಂದಳು ದೊಡ್ಡಾಕಿ. ತಳದಲ್ಲಿ ಒಂದು ತಟ್ಟೆಯಷ್ಟು ಬೆಳಕು. ಸಣ್ಣಾಂವ ತನ್ನ ಹೆಸರು ಕೂಗಿದ. ಹೆಸರಿನ ಕೊನೆಯ ಅಕ್ಷರ ಮಾತ್ರ ವಾಪಸ್ ಬಂತು.

ಅಲ್ಲೇ ನಿಂತು ಅವನು ಕೇಳಿದ ಪ್ರಶ್ನೆಯಿಂದ ನಮ್ಮ ಪತ್ರಿಕೆಗೆ ಒಂದು ನೆಲೆ ಸಿಕ್ಕಿತು. “ಮಾಮಾ, ಪೇಪರ್ ಹೆಂಗ್ ಹಂಚ್ತಾರ? ನೀರು ಒಂದೇ ಕಡಿ ಹರಿತದಲ್ಲ?”

ಖರೇ ಮಾತು. ತಳದೂರಿನಲ್ಲಿ ಬೀದಿ ಇಲ್ಲ, ಇರುವುದು ಹರಿಯುವ ನೀರು. ಪತ್ರಿಕೆಯ ಕಚೇರಿ ಊರ ನಡುವೆ ಇದ್ದರೆ ಮೇಲಿನ ಓಣಿಗಳವರಿಗೆ ಪತ್ರಿಕೆ ಯಾವತ್ತೂ ಮುಟ್ಟುವುದಿಲ್ಲ. ಹಾಗಾಗಿ ಕಚೇರಿ ತಾಯಿ ಬಾವಿಯಲ್ಲೇ ಇರಬೇಕು. ಅಲ್ಲಿಂದ ಕಟ್ಟು ಕಟ್ಟಿ ನೀರಿಗೆ ಬಿಟ್ಟರೆ ಕೊನೆಯ ಮನೆಗೂ ಹೋಗುತ್ತದೆ. ಆದರೆ ಸುದ್ದಿ ಹುಟ್ಟುವುದು ಕೆಳಗಿನ ಓಣಿಗಳಲ್ಲಿ. ಅದು ನೀರಿಗೆ ಎದುರಾಗಿ ಮೇಲೆ ಬರಬೇಕಲ್ಲ? ಅದಕ್ಕೆ ಪಾರಿವಾಳ. ಬಾವಿಯ ಗೋಡೆಯ ಸಂದಿಯಲ್ಲಿ ಅವು ಗೂಡು ಕಟ್ಟುವುದು ನಮಗೆ ಗೊತ್ತಿದ್ದದ್ದೇ. ಒಂದು ಕಿಂಡಿಯಿಂದ ಹಾರಿ ಮೇಲೆ ಬಂದು ಇನ್ನೊಂದರಲ್ಲಿ ಇಳಿಯುತ್ತವೆ. ಪಾರಿವಾಳಗಳು ನಮ್ಮ ಏಜೆಂಟರಾದವು. ಪತ್ರಿಕೆ ನೀರಿನಲ್ಲಿ ಇಳಿಯುತ್ತದೆ, ಸುದ್ದಿ ಗಾಳಿಯಲ್ಲಿ ಏರುತ್ತದೆ. ಇಷ್ಟು ಗೊತ್ತಾದ ಮೇಲೆ ಯಾವ ಸುದ್ದಿ ತಡವಾಗುತ್ತದೆ, ಯಾರಿಗೆ ಹಳೇ ಪತ್ರಿಕೆ ಸಿಗುತ್ತದೆ, ಯಾರು ಜಗಳ ತೆಗೆಯುತ್ತಾರೆ ಅನ್ನುವುದೆಲ್ಲ ತಾನಾಗಿ ಬಂತು. ಕಲ್ಪನೆಯ ಲೋಕಕ್ಕೆ ಪತ್ರಿಕೆ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಟ್ಟು ಓದುಗನ ಮನೆಗೆ ಹೇಗೆ ಹೋಗುತ್ತದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಮಾಂತ್ರಿಕರು, ರಾಕ್ಷಸರು ಆಮೇಲೆ ಬರಲಿ.

ಪಾತ್ರಗಳಿಗೆ ಬರುತ್ತೇನೆ.

ಸಂಪಾದಕಿ ತಂಬಿಗೆವ್ವ ನನ್ನ ಪಾತ್ರ. ತಾಮ್ರದ ತಂಬಿಗೆ, ಹೊಟ್ಟೆಯ ಒಂದು ಕಡೆ ತಗ್ಗು. ಮಾತು ಕಡಿಮೆ. ಅವಳ ಕಾನೂನು ಒಂದೇ, ತನ್ನಲ್ಲಿ ಹಿಡಿಸದ ಸುದ್ದಿಯನ್ನು ಹಾಕುವುದಿಲ್ಲ. ಒಂದು ತಂಬಿಗೆ ಅಂದರೆ 60 ಪದ ಅಂತ ಗೊತ್ತು ಮಾಡಿದೆವು. ಮುಖಪುಟದ ದೊಡ್ಡ ಸುದ್ದಿಗೆ ಎರಡು ತಂಬಿಗೆ. ವರದಿ ಉದ್ದವಾದರೆ ಅವಳು ಬೈಯುವುದಿಲ್ಲ, ತುಂಬಿ ಹೊರಗೆ ಚೆಲ್ಲಿದ್ದನ್ನು ತೋರಿಸುತ್ತಾಳೆ. ಮಕ್ಕಳು ತಾವು ಬರೆದದ್ದನ್ನು ತಾವೇ ಕತ್ತರಿಸಲು ಕಲಿತದ್ದು ಅವಳಿಂದ. ನಾನು ಹೇಳಿದ್ದರೆ ಒಂದು ಪದ ಬಿಡುತ್ತಿರಲಿಲ್ಲ.

ವರದಿಗಾರ ಮಾರ್ದನಿಯನ್ನು ಮಾಡಿದ್ದು ಸಣ್ಣಾಂವ. ನೌಬಾದಿನ ಕಿಂಡಿಯಿಂದ ವಾಪಸ್ ಬಂತಲ್ಲ ಆ ಕೊನೆಯ ಅಕ್ಷರ, ಅದೇ ಮಾರ್ದನಿ. ಯಾರು ಏನು ಹೇಳಿದರೂ ಅವನಿಗೆ ಕೊನೆಯ ಮಾತು ಮಾತ್ರ ಕೇಳಿಸುತ್ತದೆ. ಹಾಗಾಗಿ ಅವನ ವರದಿ ಯಾವಾಗಲೂ ಕೊನೆಯಿಂದ ಶುರು. ಇದು ಪತ್ರಿಕೆಗೆ ಎಷ್ಟು ಸರಿಹೊಂದಿತು ನೋಡಿ. ಪೇಪರಿನ ಸುದ್ದಿಯಲ್ಲಿ ಏನಾಯಿತು ಅನ್ನುವುದು ಮೊದಲ ಸಾಲಿಗೆ ಬರಬೇಕು, ಹೇಗೆ, ಯಾಕೆ ಅನ್ನುವುದು ಆಮೇಲೆ. ಜಾಗ ಸಾಲದಿದ್ದರೆ ಉಪಸಂಪಾದಕ ಕೆಳಗಿನಿಂದ ಕತ್ತರಿಸುತ್ತಾನೆ, ಆದರೂ ಸುದ್ದಿ ಉಳಿಯುತ್ತದೆ. ಅದನ್ನು ಕಲಿಸದೆಯೇ ಆರನೇ ಕ್ಲಾಸಿನ ಹುಡುಗ ಹಾಗೆ ಬರೆಯತೊಡಗಿದ. ಪಾತ್ರದ ಗುಣವೇ ಅದು, ಬೇರೆ ರೀತಿ ಬರೆದರೆ ಅವನು ಮಾರ್ದನಿ ಆಗುವುದಿಲ್ಲ.

ಅಚ್ಚಿನ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡು, ಜೋಡಿಸುವವಳು ಕನ್ನಡಿ ಚೂರು, ದೊಡ್ಡಾಕಿಯದು. ಕತ್ತಿ ಹಿಡಿದ ರಾಜಕುಮಾರಿಯನ್ನು ಬಿಟ್ಟ ಮೇಲೆ ಅವಳು ಬಿಡಿಸಿದ ಪಾತ್ರ. ಮೂರು ಮೂಲೆಯ ಚೂರು, ಒಂದು ಅಂಚಿಗೆ ಪಾದರಸ ಕಿತ್ತುಹೋಗಿದೆ. ಅವಳಿಗೆ ಎಲ್ಲವೂ ತಿರುವುಮುರುವು ಕಾಣುತ್ತದೆ. ಊರಲ್ಲಿ ಯಾರೂ ಅವಳಿಗೆ ಕೆಲಸ ಕೊಟ್ಟಿರಲಿಲ್ಲ, ಪತ್ರಿಕೆ ಕೊಟ್ಟಿತು. ಯಾಕೆ ಅಂತ ನಮಗೆ ತಿಳಿಸಿಕೊಟ್ಟವರು ಪಕ್ಕದ ಮನೆಯ ಚಾಚಾ. ಕಂಪ್ಯೂಟರ್ ಬರುವ ಮೊದಲು ಅವರು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದರು. ಅಚ್ಚಿನ ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ, ಕಾಗದದ ಮೇಲೆ ಬಿದ್ದಾಗಲೇ ಸುಲ್ಟಾ. ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಹಿಡಿದು, ತಲೆಕೆಳಗಾದ ಸಾಲನ್ನು ಎಡದಿಂದ ಬಲಕ್ಕೆ ಓದುತ್ತ ಮೊಳೆ ಕೂಡಿಸುವುದನ್ನು ಚಾಚಾ ಬರಿಗೈಯಲ್ಲೇ ಮಾಡಿ ತೋರಿಸಿದರು. ಬಲಗೈ ಗಾಳಿಯಲ್ಲಿ ಮೊಳೆ ಇಡುವ ಪೆಟ್ಟಿಗೆಯ, ಅಂದರೆ ಕೇಸಿನ, ಮನೆಯಿಂದ ಮನೆಗೆ ಓಡುತ್ತಿತ್ತು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದ ಕೇಸಿಗೆ ನೂರಾರು ಮನೆ. ಯಾವ ಮೊಳೆ ಎಲ್ಲಿ ಅನ್ನುವುದು ಅವರ ಬೆರಳಿಗೆ ಇವತ್ತಿಗೂ ನೆನಪಿದೆ. ದೊಡ್ಡಾಕಿ ಅಲ್ಲೇ ಕೂತು ಆ ಕೈಯನ್ನು ಬಿಡಿಸಿಕೊಂಡಳು. ಪತ್ರಿಕೆಯಲ್ಲಿ ಕನ್ನಡಿ ಚೂರಿನ ಚಿತ್ರಕ್ಕೆ ಇರುವುದು ಚಾಚಾ ಅವರ ಕೈ.

ಜಾಹೀರಾತು ನೋಡಿಕೊಳ್ಳುವವರು ಹಾಲಿಸಿಕ್ಕಾ ಸಾಹೇಬರು. ಅವ್ವನ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಒಂದು ಬೆಳ್ಳಿ ರೂಪಾಯಿ ಇದೆ, ಮೇಲೆ ಚಾರ್ಮಿನಾರ್. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಜನ ಅದನ್ನು ಹಾಲಿ ಸಿಕ್ಕಾ ಅನ್ನುತ್ತಿದ್ದರು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಬೀದರ್ ಕನ್ನಡ ರಾಜ್ಯಕ್ಕೆ ಬಂತು, ಸಿಕ್ಕಾ ಚಲಾವಣೆ ತಪ್ಪಿತು. ಮೇಲೆ ನಡೆಯದ ನಾಣ್ಯ ತಳದೂರಿನಲ್ಲಿ ನಡೆಯುತ್ತದೆ. ಸಾಹೇಬರು ಕನ್ನಡ ಮಾತಾಡುತ್ತಾರೆ, ನಡುನಡುವೆ ದಖನಿ. ಅವರ ಮಾತನ್ನೆಲ್ಲ ಚಾಚಾಗೆ ಓದಿ ಹೇಳಿ ಸರಿಮಾಡಿಸಿಕೊಂಡೆವು. ಬೀದರಿನ ಬಾವಿಗೆ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಬಿದ್ದಿವೆ. ತಳದೂರಿನಲ್ಲಿ ಒಂದೇ ಭಾಷೆ ಇಟ್ಟರೆ ಅದು ಬೀದರಿನ ಕೆಳಗಿನ ಊರಾಗುವುದಿಲ್ಲ.

ಹೆಸರಿಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ‘ಮಂಗಳೂರ ಸಮಾಚಾರ’. ಕನ್ನಡದ ಮೊದಲ ಪತ್ರಿಕೆ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಹೊರತಂದದ್ದು, ಕಲ್ಲಚ್ಚಿನಲ್ಲಿ, 15 ದಿನಕ್ಕೊಮ್ಮೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಆಚರಿಸುವುದು ಅದಕ್ಕೇ. ಆ ಹೆಸರಿನ ಒಂದು ತುಂಡು ನಮ್ಮ ಮಕ್ಕಳ ಪತ್ರಿಕೆಯ ತಲೆಯ ಮೇಲೆ ಇರಲಿ ಅನ್ನುವುದು ನನ್ನ ಆಸೆ.

ದೊಡ್ಡಾಕಿಗೆ ಇಡೀ ಪತ್ರಿಕೆ ಕಪ್ಪು ಹಾಳೆ, ಬೆಳ್ಳಿ ಅಕ್ಷರ ಆಗಬೇಕಿತ್ತು. ಬಿದರಿ ಕೆಲಸದ ಹಾಗೆ. ಅದರ ಹಿಂದಿನ ಯೋಚನೆ ನನಗೂ ಹಿಡಿಸಿತು. ಬಿದರಿಯವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಪಾತ್ರೆ ಕಪ್ಪಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಮಣ್ಣೇ ಬೇಕು ಅನ್ನುತ್ತಾರೆ. ತಳದೂರಿನಲ್ಲಿ ಅಂಥ ಮಣ್ಣಿಗೆ ಬರವೇ? ಅವರ ಶಾಯಿ ಅದರದ್ದೇ ಅಂತ ಬರೆದೆವು. ಆದರೆ ಝೆರಾಕ್ಸ್ ಮಶಿನ್ನಿನಲ್ಲಿ ಪೂರ್ತಿ ಕಪ್ಪು ಪುಟ ತೆಗೆದರೆ ಮಡಿಸಿದ ಜಾಗದಲ್ಲಿ ಟೋನರ್ ಬಿರಿದು ಉದುರುತ್ತದೆ. ಹಾಗಾಗಿ ಹೆಸರಿನ ಪಟ್ಟಿಯನ್ನು ಮಾತ್ರ ಕಪ್ಪು ಮಾಡಿ ಅಕ್ಷರ ಬಿಳಿ ಬಿಟ್ಟೆ. ಅವಳು ಅದರ ಸುತ್ತ ಬಿದರಿ ಬಳ್ಳಿ ಬಿಡಿಸಿದಳು.

ಮುಖ್ಯ ಸುದ್ದಿ ಯಾವುದು ಅನ್ನುವುದಕ್ಕೆ ದೊಡ್ಡ ಚರ್ಚೆ ಆಯಿತು. ಸಣ್ಣಾಂವನಿಗೆ ಯುದ್ಧ ಬೇಕು. ದೊಡ್ಡಾಕಿಗೆ ಮೇಲಿನಿಂದ ಚಂದ್ರ ಬೀಳಬೇಕು. ಎರಡನ್ನೂ ಬರೆದು ನೋಡಿದೆವು. ಯುದ್ಧದ ಸುದ್ದಿ ಓದಿದ ಮೇಲೆ ತಳದೂರಿನಲ್ಲಿ ಆವತ್ತು ಯಾರ ಮನೆಯಲ್ಲಿ ಏನು ತೊಂದರೆ ಆಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಆಗ ಸಣ್ಣಾಂವ ಮಾರ್ದನಿಯ ಹೆಸರಲ್ಲಿ ಇದನ್ನು ಬರೆದ. ಇದ್ದ ಹಾಗೇ ಹಾಕಿದೆವು.

“ನಿಂತಿದೆ. ರಾಟಿಯವರ ಕಿರುಗುಟ್ಟುವ ಸದ್ದು ನಿನ್ನೆ ಬೆಳಗಿನಿಂದ ನಿಂತಿದೆ. ರಾತ್ರಿ ಯಾರೋ ಎಣ್ಣೆ ಬಿಟ್ಟಿದ್ದಾರೆ. ಆ ಸದ್ದಿಗೆ ಏಳುತ್ತಿದ್ದ ಊರು ಮಧ್ಯಾಹ್ನದ ತನಕ ಮಲಗಿತ್ತು. ಕೊಡಪಾನಗಳ ಶಾಲೆಗೆ ರಜೆ ಕೊಡಲಾಯಿತು. ಹೂಳು ತೆಗೆಯುವವರು ಕೆಲಸಕ್ಕೆ ಹೋಗಿಲ್ಲ. ಎಣ್ಣೆ ಬಿಟ್ಟವರು ಯಾರು ಎಂದು ತಿಳಿದಿಲ್ಲ. ಅರಮನೆಯಿಂದ ಹೇಳಿಕೆ ಬಂದಿಲ್ಲ.”

ಕೊನೆಯ ಸಾಲು ನನಗೆ ಬಹಳ ಮುಖ್ಯ. ರಾಜ ಏನು ಹೇಳಿದ ಅಂತ ಬರೆಯುವ ಹಕ್ಕು ನಮಗಿಲ್ಲ, ಅವನು ಅವ್ವನ ಪಾತ್ರ. ಪತ್ರಿಕೆಗೆ ಇದಕ್ಕೆ ಒಂದು ದಾರಿ ಮೊದಲೇ ಇದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಅಚ್ಚು ಹಾಕಬಹುದು. ಅಭಿಮಾನಿ ಪಾತ್ರಗಳಿಗೆ ಪತ್ರಿಕೆ ಕಚೇರಿ ಹೇಳಿ ಮಾಡಿಸಿದ ಜಾಗ ಅಂತ ನಾನು ಗಟ್ಟಿಯಾಗಿ ನಂಬಿದ್ದು ಇಲ್ಲಿ. ನಾಯಕನ ಬಾಯಿಗೆ ಮಾತು ತುರುಕದೆ ಅವನ ಬಗ್ಗೆ ಇಡೀ ಪುಟ ಬರೆಯಬಹುದು.

ಒಳಪುಟಗಳು ಬೇಗ ತುಂಬಿದವು. ಮಳೆಗಾಲದಲ್ಲಿ ನಮ್ಮ ಪೇಪರುಗಳು ಜಲಾಶಯದ ಮಟ್ಟ ಹಾಕುತ್ತವಲ್ಲ, ಹಾಗೆ ‘ಇಂದಿನ ಹೂಳು’ ಅಂತ ಒಂದು ಚೌಕ. ‘ಮೇಲಿನವರ ಹವಾಮಾನ’ ಅಂತ ಇನ್ನೊಂದು. ಸೂರ್ಯ ನೀರು ಮುಟ್ಟುವ ದಿನ ತಳದೂರಿನಲ್ಲಿ ಹಬ್ಬ, ಅದರ ಪ್ರಕಟಣೆ. ಎಳ್ಳಮಾಸಿಗೆ ಮೇಲಿನವರು ಹೊಲದಲ್ಲಿ ಚರಗ ಚೆಲ್ಲಿದ್ದರಲ್ಲಿ ತಮ್ಮ ಪಾಲು ಯಾಕೆ ಕೆಳಗೆ ಇಳಿಯಲಿಲ್ಲ ಅಂತ ಕೇಳುವ ಒಬ್ಬ ಓದುಗರ ಪತ್ರ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಏಳನೇ ಪುಟದ ಸಣ್ಣ ಜಾಹೀರಾತುಗಳು. ಹಾಲಿಸಿಕ್ಕಾ ಸಾಹೇಬರ ಪುಟ. ಎರಡನ್ನು ಇಲ್ಲಿ ಕೊಡುತ್ತೇನೆ.

“ಜೋಡಿ ಬೇಕಾಗಿದೆ. ಎಡಗಾಲಿನ ಕಾಲುಂಗುರಕ್ಕೆ ಬಲಗಾಲಿನದು. ಬೆಳ್ಳಿಯಾದರೆ ಒಳ್ಳೆಯದು. ಸವೆದಿದ್ದರೂ ಅಡ್ಡಿಯಿಲ್ಲ. ನಾಲ್ಕನೇ ಕಿಂಡಿಯ ಕೆಳಗೆ ವಿಚಾರಿಸಿ.”

“ಹೆಸರು ಬದಲಾವಣೆ. ನಾನು ಇಲ್ಲಿಯವರೆಗೆ ಬಕೆಟ್ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದು, ತಳ ಕಳಚಿದ ಕಾರಣ ಇನ್ನು ಮುಂದೆ ಕೊಳವೆ ಎಂದು ಕರೆಯಲ್ಪಡುತ್ತೇನೆ. ಈ ಬಗ್ಗೆ ಅಫಿಡವಿಟ್ ಮಾಡಿಸಿರುತ್ತೇನೆ.”

ಎರಡನೆಯದು ದೊಡ್ಡಾಕಿ ಬರೆದದ್ದು. ಅಂಗಡಿಯಲ್ಲಿ ಬಿದ್ದಿದ್ದ ಹಳೇ ಪೇಪರಿನಿಂದ ಆ ಭಾಷೆಯನ್ನು ಎತ್ತಿಕೊಂಡಳು. ಒಂದು ಊರಿನ ಜನ ಹೇಗೆ ಬದುಕುತ್ತಾರೆ, ಏನು ಕಳೆದುಕೊಂಡಿದ್ದಾರೆ, ಏನು ಬೇಕು ಅಂತ ಹುಡುಕುತ್ತಾರೆ ಅನ್ನುವುದು ಮುಖಪುಟದಲ್ಲಿ ಅಷ್ಟು ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ. ಕಲ್ಪನೆಯ ಪತ್ರಿಕೆ ಮಾಡುವವರು ಈ ಪುಟಕ್ಕೆ ಜಾಸ್ತಿ ಹೊತ್ತು ಕೊಡಲಿ ಅಂತ ನನ್ನ ಸಲಹೆ.

ಪುಟ ಕಟ್ಟಿದ್ದು ಅಂಗಡಿಯಲ್ಲಿ, ಕೆಲಸ ಮುಗಿದ ಮೇಲೆ. ನಾನು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಪುಟ ಕಟ್ಟುವ ಪೇಜ್‌ಮೇಕರ್‌ಗೆ ಹಾಕುವವನು. ಮಕ್ಕಳು ಮೊಬೈಲಿನಲ್ಲಿ ಬರೆದದ್ದು ಯುನಿಕೋಡ್, ಅದರ ಅಕ್ಷರ ಸಂಕೇತವೇ ಬೇರೆ. ಪರಿವರ್ತನೆ ಮಾಡಿದಾಗ ಅರ್ಕಾವತ್ತು ಅಲ್ಲಲ್ಲಿ ಜಾಗ ಬಿಟ್ಟಿತ್ತು, ಪ್ರೂಫ್ ನೋಡಿ ಸರಿಮಾಡಿದೆವು. ಆಮೇಲೆ ಮಡಿಕೆಯ ಲೆಕ್ಕ. ಎ3 ಹಾಳೆ 297 ಮಿ.ಮೀ. ಅಗಲ, 420 ಮಿ.ಮೀ. ಉದ್ದ. ನಡುವೆ ಮಡಿಸಿದರೆ ಎ4ನ ನಾಲ್ಕು ಪುಟ. ಎಂಟು ಪುಟಕ್ಕೆ ಎರಡು ಹಾಳೆ. ಹೊರಗಿನ ಹಾಳೆಯ ಒಂದು ಮಗ್ಗುಲಿಗೆ 8 ಮತ್ತು 1, ಅದರ ಬೆನ್ನಿಗೆ 2 ಮತ್ತು 7. ಒಳಗಿನ ಹಾಳೆಗೆ 6 ಮತ್ತು 3, ಬೆನ್ನಿಗೆ 4 ಮತ್ತು 5. ಯಾವ ಜೋಡಿಯನ್ನು ಕೂಡಿಸಿದರೂ 9. ಇದನ್ನು ಸಣ್ಣಾಂವ ತಾನೇ ಕಂಡುಹಿಡಿದ. ಮೊದಲು ಬಿಳಿ ಹಾಳೆ ಮಡಿಸಿ, ಪುಟದ ಸಂಖ್ಯೆ ಬರೆದು, ಬಿಚ್ಚಿ ನೋಡಿದರೆ ತಲೆ ಕೆಡುವುದಿಲ್ಲ. ಡಮ್ಮಿ ಅನ್ನುವುದು ಅದಕ್ಕೇ.

ಮನೆಯವರಿಗೆ, ಓಣಿಯ ಮಕ್ಕಳಿಗೆ, ಚಾಚಾ ಅವರಿಗೆ ಪ್ರತಿ ಕೊಟ್ಟೆವು. ಚಾಚಾ ಕನ್ನಡಕ ಹಾಕಿಕೊಂಡು ಸಾಲು ಸಾಲು ಓದಿ, ಎರಡನೇ ಪುಟದಲ್ಲಿ ಒಂದು ಕೊಂಬು ಬಿಟ್ಟಿದ್ದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಕಳಿಸಿದರು. ಅಂಚಿನಲ್ಲಿ ಹಾಕಿದ ಗುರುತು ಹಳೇ ಪ್ರೂಫ್ ರೀಡರುಗಳದ್ದು.

ಅವ್ವನಿಗೆ ಓದಲು ಬರುವುದಿಲ್ಲ. ದೊಡ್ಡಾಕಿ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿ ಹೇಳಿದಳು. ಕಾಲುಂಗುರದ ಜಾಹೀರಾತನ್ನು ಇನ್ನೊಮ್ಮೆ ಓದಿಸಿಕೊಂಡಳು. ಮುಖಪುಟದ ಸುದ್ದಿಗೆ ಏನೂ ಅನ್ನಲಿಲ್ಲ. ಮರುದಿನ ಸಣ್ಣಾಂವನನ್ನು ಕರೆದು, ಪೆನ್ನು ತಗೋ, ಬರಿ ಅಂದಳು. ಅವನು ಬರೆದುಕೊಂಡು ಬಂದದ್ದು ಹಗ್ಗದ ರಾಜನ ಪತ್ರ.

“ಸುರಂಗ ಸಮಾಚಾರದವರಿಗೆ. ಎಣ್ಣಿ ಬಿಟ್ಟಾಂವ ನಾನೇ. ನನ್ನ ಮಗಳು ಊರಿಗಿಂತ ಮೊದಲು ಏಳ್ತಿದ್ದಳು. ಹುಟ್ಟಿದಾಗಿಂದ ಒಂದಿನ ಪೂರ್ತಿ ನಿದ್ದಿ ಮಾಡಿಲ್ಲ. ಊರು ಎಬ್ಬಸಲಿಕ್ಕ ಬ್ಯಾರೆ ಯಾರನ್ನರ ನೋಡ್ರಿ.”

ಮೂವರೂ ಆ ಹಾಳೆ ಹಿಡಿದುಕೊಂಡು ಕೂತುಬಿಟ್ಟೆವು. ಅವ್ವ ಇಷ್ಟು ವರ್ಷ ಹೇಳಿದ ಕತೆಗಳಲ್ಲಿ ರಾಟಿಗೆ ನಿದ್ದೆ ಇಲ್ಲ ಅನ್ನುವುದು ಒಮ್ಮೆಯೂ ಬಂದಿರಲಿಲ್ಲ. ಅವ್ವ ಕೂಡ ಎಲ್ಲರಿಗಿಂತ ಮೊದಲು ಏಳುವವಳೇ. ನಮ್ಮ ಪತ್ರಿಕೆ ಒಂದು ಪ್ರಶ್ನೆ ಕೇಳಿತ್ತು, ಕತೆ ಹೇಳುವವಳು ಅದಕ್ಕೆ ಉತ್ತರ ಕೊಟ್ಟಿದ್ದಳು. ನಾವು ಮಾಡಿದ ಪಾತ್ರಗಳು ಈಗ ತಳದೂರಿನಲ್ಲಿ ಖರೇನೇ ಕೆಲಸ ಮಾಡುತ್ತಿವೆ ಅಂತ ನನಗೆ ಅನ್ನಿಸಿದ್ದು ಆಗ.

ಎರಡನೇ ಸಂಚಿಕೆಯಲ್ಲಿ ಆ ಪತ್ರವನ್ನು ಒಂದು ಅಕ್ಷರ ತಿದ್ದದೆ ಮುಖಪುಟಕ್ಕೆ ಹಾಕಿದೆವು. ಅದರ ಕೆಳಗೆ ತಂಬಿಗೆವ್ವನ ಸಂಪಾದಕೀಯ, ಒಂದು ತಂಬಿಗೆ. ರಾಟಿಯವರು ಮಲಗಲಿ, ಊರು ತಾನೇ ಏಳುವುದನ್ನು ಕಲಿಯುವ ತನಕ ಯಾರಾದರೂ ಎಬ್ಬಿಸಬೇಕು ಅಂತ. ಏಳನೇ ಪುಟದಲ್ಲಿ ಜಾಹೀರಾತು: “ಬೇಕಾಗಿದ್ದಾರೆ, ಊರನ್ನು ಎಬ್ಬಿಸುವವರು. ಸಂಬಳ ಹಾಲಿ ಸಿಕ್ಕಾದಲ್ಲಿ.”

ಸಣ್ಣಾಂವ ತನ್ನ ಮಾರ್ದನಿಗೇ ಆ ಕೆಲಸ ಬೇಕು ಅಂತ ಹಟ ಹಿಡಿದ. ವರದಿಗಾರನಾಗಿ ಇದ್ದುಕೊಂಡು ಅರಮನೆಯ ಸಂಬಳ ತಗೊಂಡರೆ ನಾಳೆ ಅರಮನೆಯ ಸುದ್ದಿ ಯಾರು ಬರೆಯುತ್ತಾರೆ ಅಂತ ದೊಡ್ಡಾಕಿ ಕೇಳಿದಳು. ಸಣ್ಣಾಂವ ಒಂದು ರಾತ್ರಿ ಯೋಚನೆ ಮಾಡಿ, ಮಾರ್ದನಿ ಪತ್ರಿಕೆಯಲ್ಲೇ ಇರುತ್ತಾನೆ ಅಂತ ಬಂದು ಹೇಳಿದ.

ಈಗ ಅರ್ಜಿಗಳು ಬರುತ್ತಿವೆ. ಓಣಿಯ ಮಕ್ಕಳೆಲ್ಲ ಒಂದೊಂದು ಪಾತ್ರ ಮಾಡಿ ಕಳಿಸುತ್ತಿದ್ದಾರೆ. ನಾಲಗೆ ಇಲ್ಲದ ಒಂದು ದೇವರ ಗಂಟೆ, ಸೆಲ್ ಮುಗಿದ ಅಲಾರಾಂ, ಎತ್ತಿನ ಕೊರಳಿನ ಗೆಜ್ಜೆ, ಕೋಳಿ ಚಿತ್ರ ಇರುವ ಒಂದು ಬೆಂಕಿಪೊಟ್ಟಣ. ಷರತ್ತು ಎಲ್ಲರಿಗೂ ಅದೇ, ರಾಜನ ನೆಂಟರು ಆಗಿರಬಾರದು. ಯಾರಿಗೆ ಕೆಲಸ ಕೊಡಬೇಕು ಅಂತ ಅವ್ವ ಗೊತ್ತು ಮಾಡುತ್ತಾಳೆ. ಆಗಸ್ಟ್ ಮೊದಲಿಗೆ ಸೂರ್ಯ ಮತ್ತೆ ನೀರು ಮುಟ್ಟುತ್ತಾನಲ್ಲ, ಆ ಹಬ್ಬದ ವಿಶೇಷ ಸಂಚಿಕೆಯ ಮುಖಪುಟದಲ್ಲಿ ಹೆಸರು ಬರುತ್ತದೆ.